ಅಂಗಡಿ ವೆಬ್‌ಸೈಟಿಗೆ ಎಐ ಚಾಟ್‌ಬಾಟ್: ಕಲಬುರಗಿಯ ಒಂದು ಕೂಲರ್ ರಿಪೇರಿ ಅಂಗಡಿಯಲ್ಲಿ ಕಲಿತದ್ದು

ಹೋಳಿ ಮುಗಿದ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಅಷ್ಟೊತ್ತಿಗೆ ಮನೆಮನೆಯಲ್ಲೂ ಕೂಲರ್ ಅಟ್ಟದಿಂದ ಕೆಳಗೆ ಇಳಿದಿರುತ್ತದೆ. ಹೋದ ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿದ ಮೋಟಾರ್ ಈ ಸಲ ತಿರುಗುವುದಿಲ್ಲ. ಅಲ್ಲಿಂದ ಶುರು ನೋಡಿ, ನಮ್ಮ ಕಾಕಾನ ಫೋನಿಗೆ ಪುರುಸೊತ್ತಿಲ್ಲ. ಅವನದು ಕೂಲರ್, ಏಸಿ, ನೀರಿನ ಫಿಲ್ಟರ್ ರಿಪೇರಿ ಮಾಡುವ ಸಣ್ಣ ಅಂಗಡಿ. ಮೂರು ಹುಡುಗರು, ಎರಡು ಬೈಕು. ಏಣಿ ಮೇಲೆ ನಿಂತು ಸ್ಕ್ರೂ ಬಿಚ್ಚುತ್ತಿರುವವನು ಫೋನ್ ಎತ್ತುವುದು ಹೇಗೆ? ಎತ್ತದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ ಹಾಗೇ.

ನಾನು ಇಂಥ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ಕಾಕಾನ ಸೈಟಿಗೆ, ಗಿರಾಕಿ ಬರೆದು ಕೇಳಿದ್ದಕ್ಕೆ ತಾನೇ ಉತ್ತರ ಬರೆಯುವ ಎಐ ಚಾಟ್‌ಬಾಟ್ ಹಾಕಿದೆ. ಮೊದಲ ಸಲ ಕೆಟ್ಟದಾಗಿ ಹಾಕಿದೆ. ಎರಡನೇ ಸಲ ಎಲ್ಲ ಬಿಚ್ಚಿ ಹೊಸದಾಗಿ ಕೂರಿಸಿದೆ. ಬಾಟ್ ಅಂಟಿಸುವುದು ಅರ್ಧ ದಿನದ ಕೆಲಸ. ಕಾಕಾನ ತಲೆಯಲ್ಲಿ ಇರುವುದನ್ನು ಬರಹಕ್ಕೆ ಇಳಿಸಲು ಎರಡು ವಾರ ಹಿಡಿಯಿತು. ಬಾಟ್ ಚೆನ್ನಾಗಿ ನಡೆಯುತ್ತಿರುವುದು ಆ ಎರಡು ವಾರದಿಂದ. ಅದಕ್ಕೇ ಇಲ್ಲಿಯೂ ಜಾಸ್ತಿ ಮಾತು ಅದರ ಬಗ್ಗೆಯೇ.

ಮೊದಲು, ನಿಮಗೆ ಬಾಟ್ ಬೇಕೇ?

ದಿನಕ್ಕೆ ನಾಲ್ಕು ಫೋನ್ ಬರುವ ಅಂಗಡಿಗೆ ಬೇಡ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಸಿದ್ಧ ಉತ್ತರ ಇಟ್ಟುಕೊಳ್ಳಬಹುದು. ಅಂಗಡಿ ಮುಚ್ಚಿದಾಗ ತಾನೇ ಹೋಗುವ ಮೆಸೇಜನ್ನೂ ಹಾಕಬಹುದು. ಅಷ್ಟು ಸಾಕು. ಗೂಗಲ್ ಮ್ಯಾಪಿನ ಅಂಗಡಿ ಪುಟದಲ್ಲಿ ಮೊದಲು ಚಾಟ್ ಇತ್ತು. ಅದನ್ನು ಗೂಗಲ್ 2024ರ ಜುಲೈ 31ಕ್ಕೆ ನಿಲ್ಲಿಸಿತು. ಅದನ್ನೇ ನಂಬಿಕೊಂಡಿದ್ದ ಅಂಗಡಿಗಳಿಗೆ ಈಗ ವೆಬ್‌ಸೈಟ್ ಅಥವಾ ವಾಟ್ಸ್‌ಆ್ಯಪ್ ದಾರಿಯೇ ಗತಿ.

ಫೋನ್ ತಪ್ಪುತ್ತಿದ್ದರೆ, ರಾತ್ರಿ ಹತ್ತರ ಮೇಲೆ ಮೆಸೇಜ್ ಬರುತ್ತಿದ್ದರೆ, ಕೇಳಿದ್ದನ್ನೇ ಜನ ಕೇಳುತ್ತಿದ್ದರೆ ಬಾಟ್ ಉಪಯೋಗಕ್ಕೆ ಬರುತ್ತದೆ. ಕಾಕಾನಿಗೆ ಈ ಮೂರೂ ಇತ್ತು.

ಬಾಟ್‌ನ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆಯಿರಿ

ನಾನು ಮಾಡಿದ ಮೊದಲ ತಪ್ಪು ಇಲ್ಲಿ. ಬಾಟ್ ಎಲ್ಲವನ್ನೂ ಹೇಳಲಿ ಎಂದು ಬಿಟ್ಟೆ. ಮೂರನೇ ದಿನ ಅದು ಒಬ್ಬ ಗಿರಾಕಿಗೆ "ನಮ್ಮ ಮೆಕ್ಯಾನಿಕ್ 45 ನಿಮಿಷದಲ್ಲಿ ಬರುತ್ತಾರೆ" ಎಂದು ಹೇಳಿತು. ಹಾಗೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಆ ಹೊತ್ತಿಗೆ ಮೂರೂ ಹುಡುಗರು ಶಹಾಬಾದಿನಲ್ಲಿದ್ದರು. ಆ ಯಜಮಾನರು ಮನೆ ಬಾಗಿಲಲ್ಲಿ ಕಾದು, ಸಂಜೆ ಅಂಗಡಿಗೇ ಬಂದು ಕಾಕಾನಿಗೆ ಬೈದು ಹೋದರು. ಕಾಕಾ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಇದು ಯಾಕೆ ಆಗುತ್ತದೆ ಅಂದರೆ, ಬಾಟ್ ಒಳಗೆ ಕೂತು ಉತ್ತರ ಬರೆಯುವ ಈ ಭಾಷಾ ಮಾದರಿಗಳು ಮುಂದಿನ ಪದ ಯಾವುದು ಬರಬಹುದು ಎಂದು ಲೆಕ್ಕ ಹಾಕುತ್ತಾ ಬರೆಯುತ್ತವೆ. ನೀವು ಹೇಳದೆ ಬಿಟ್ಟ ಜಾಗವನ್ನು ಅವು ಖಾಲಿ ಬಿಡುವುದಿಲ್ಲ. ಬೇರೆ ಕಡೆ ಓದಿದ್ದರಲ್ಲಿ ಹೊಂದುವಂಥದ್ದನ್ನು ತುಂಬುತ್ತವೆ. ಯಾವುದೋ ಊರಿನ ಸರ್ವಿಸ್ ಕಂಪನಿ 45 ನಿಮಿಷ ಎಂದು ಬರೆದುಕೊಂಡಿರುತ್ತದೆ, ಅಷ್ಟೇ.

ಇದರ ಹೊಣೆ ಯಾರದು ಎಂಬ ಪ್ರಶ್ನೆಗೆ ಕೆನಡಾದಲ್ಲಿ ಒಂದು ತೀರ್ಪು ಬಂದಿದೆ. ಏರ್ ಕೆನಡಾ ವೆಬ್‌ಸೈಟಿನ ಬಾಟ್ ಒಬ್ಬ ಪ್ರಯಾಣಿಕನಿಗೆ ತಪ್ಪು ಹೇಳಿತ್ತು. ಮನೆಯಲ್ಲಿ ಸಾವಾದಾಗ ಸಿಗುವ ರಿಯಾಯಿತಿಯನ್ನು ಪ್ರಯಾಣ ಮುಗಿಸಿ ಬಂದ ಮೇಲೂ ಕೇಳಬಹುದು ಎಂದಿತ್ತು. ಕಂಪನಿ ದುಡ್ಡು ಕೊಡಲಿಲ್ಲ. ಬಾಟ್ ಬೇರೆ, ಅದರ ಮಾತಿಗೆ ಅದೇ ಹೊಣೆ ಎಂಬಂತೆ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಕೆನಡಾದ ತೀರ್ಪು ನಮಗೆ ಕಟ್ಟುವುದಿಲ್ಲ, ಸರಿ. ಆದರೆ ಕಾಕಾನ ಅಂಗಡಿ ಮುಂದೆ ನಿಂತ ಯಜಮಾನರೂ ಅದನ್ನೇ ಹೇಳಿದ್ದು: ನಿಮ್ಮ ಸೈಟ್, ನಿಮ್ಮ ಮಾತು.

ಹಾಗಾಗಿ ಎರಡನೇ ಸಲ ಬಾಟ್‌ಗೆ ಗಲ್ಲಾದ ಹತ್ತಿರ ಕೂರುವ ಹುಡುಗನ ಕೆಲಸ ಮಾತ್ರ ಕೊಟ್ಟೆ. ಬರೆದಿಟ್ಟ ರೇಟು, ಸಮಯ, ಏರಿಯಾ ಹೇಳುವುದು. ದೂರು ಬರೆದುಕೊಳ್ಳುವುದು. ದೊಡ್ಡವರಿಗೆ ಮುಟ್ಟಿಸುವುದು. ಏನು ಕೆಟ್ಟಿದೆ ಎಂದು ಹೇಳುವುದು, ಚೌಕಾಸಿ, "ಇಷ್ಟೊತ್ತಿಗೆ ಬರುತ್ತೇವೆ" ಎಂಬ ಮಾತು ಅದರ ಕೈಗೆ ಕೊಡಲಿಲ್ಲ.

ಹಳೆಯ ಮೆಸೇಜ್ ಹರವಿಕೊಂಡು ಕೂರಿ

ಇದೇ ನಿಜವಾದ ಕೆಲಸ. ವಾಟ್ಸ್‌ಆ್ಯಪಿನಲ್ಲಿ ಒಂದೊಂದು ಚಾಟನ್ನೂ ಎಕ್ಸ್‌ಪೋರ್ಟ್ ಮಾಡಿಕೊಳ್ಳಲು ಆಗುತ್ತದೆ. ಹೋದ ಬೇಸಿಗೆಯ ಚಾಟ್‌ಗಳನ್ನು ತೆಗೆದುಕೊಂಡು, ಹೆಸರು ನಂಬರ್ ಅಳಿಸಿ, ಪ್ರಶ್ನೆಗಳನ್ನು ಮಾತ್ರ ಒಂದು ಶೀಟಿಗೆ ಹಾಕಿದೆ. ಜನ ಹೇಗೆ ಕೇಳುತ್ತಾರೆ ಎಂದು ಗೊತ್ತಾಗುವುದು ಇಲ್ಲೇ.

ಕನ್ನಡ ಲಿಪಿಯಲ್ಲಿ ಬರೆಯುವವರು ಕಡಿಮೆ. ಬಹಳ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. "ಏಸಿ ಥಂಡ ಆಗವಲ್ದ್ರಿ", "ನಾಳಿ ಬರ್ತೀರೇನ್ರಿ", "ಎಷ್ಟ್ ಆಗ್ತದ". ದರ್ಗಾ ಕಡೆಯಿಂದ ಬರುವುದು ದಖ್ಖನಿ ಉರ್ದು: "ಕೂಲರ್ ಪಾನಿ ನೈ ಫೇಕ್‌ರಾ ಭಾಯ್". ಸೇಡಂ ಕಡೆಯವರು ತೆಲುಗು ಬೆರೆಸುತ್ತಾರೆ, ಆಳಂದ ಕಡೆಯವರು ಮರಾಠಿ. ಈಗಿನ ಒಳ್ಳೆಯ ಮಾದರಿಗಳು ಇದನ್ನೆಲ್ಲ ಹೆಚ್ಚುಕಡಿಮೆ ಹಿಡಿಯುತ್ತವೆ. ಎಡವುವುದು ಊರಿನ ಪದಗಳಲ್ಲಿ.

ಒಬ್ಬರು "ಘಾಸ್ ಬದಲು ಮಾಡ್ತೀರಾ" ಎಂದು ಕೇಳಿದ್ದರು. ಕೂಲರಿನ ಮೂರು ಕಡೆ ಇರುವ ಪ್ಯಾಡಿಗೆ ನಮ್ಮಲ್ಲಿ ಘಾಸ್ ಅನ್ನುತ್ತಾರಲ್ಲ. ಬಾಟ್ ಮಾತ್ರ, ನಾವು ಹುಲ್ಲುಹಾಸಿನ ಕೆಲಸ ಮಾಡುವುದಿಲ್ಲ ಎಂದು ಬಹಳ ವಿನಯದಿಂದ ಹೇಳಿತ್ತು. ಇನ್ನೊಬ್ಬರು "ಸೂಪರ್ ಮಾರ್ಕೆಟ್ ಹತ್ತಿರ ಮನೆ" ಅಂದರೆ "ಯಾವ ಸೂಪರ್ ಮಾರ್ಕೆಟ್, ಹೆಸರು ಹೇಳಿ" ಎಂದು ಕೇಳಿತ್ತು. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅಂದರೆ ಒಂದು ಏರಿಯಾ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ? "ಗಂಜ್" ಎಂದರೂ ಅದೇ ಕಥೆ. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು. ಆದರೂ ಅರ್ಧ ಜನ ಇನ್ನೂ ಗುಲ್ಬರ್ಗ ಎಂದೇ ಬರೆಯುತ್ತಾರೆ. ಎರಡೂ ಒಂದೇ ಎಂದು ಬರೆದುಕೊಡಿ.

ಇಂಥ ಪದಗಳದ್ದೇ ಒಂದು ಪಟ್ಟಿ ಮಾಡಿ. ಎಡಗಡೆ ಗಿರಾಕಿ ಅನ್ನುವುದು, ಬಲಗಡೆ ಅದರ ಅರ್ಥ. ನಮ್ಮದು ಒಂದು ಪುಟ ಆಯಿತು. ರಿಂಗ್ ರೋಡ್ ಎಂದು ಮಾತ್ರ ಹೇಳಿದರೆ ಹುಡುಗ ಊರು ಸುತ್ತಬೇಕಾಗುತ್ತದೆ. ಅದಕ್ಕೆ "ಯಾವ ಕಡೆ? ಹುಮನಾಬಾದ್ ಕಡೆಯೋ, ಆಳಂದ ಚೆಕ್‌ಪೋಸ್ಟ್ ಕಡೆಯೋ, ರಾಮ ಮಂದಿರ ಸರ್ಕಲ್ ಕಡೆಯೋ?" ಎಂದು ಬಾಟ್ ಕೇಳಬೇಕು ಎಂದೂ ಸೇರಿಸಿದೆವು.

ಮಾಹಿತಿ ಕಡತ

ಈಗ ಅಂಗಡಿಯ ವಿವರವನ್ನು ಒಂದೇ ಕಡತದಲ್ಲಿ ಬರೆಯಿರಿ. ಸುಮ್ನೆ ಸೊಗಸಾಗಿ ಬರೆಯಬೇಡಿ. ಒಂದು ಸಾಲಿಗೆ ಒಂದು ವಿಷಯ. ನಮ್ಮದರಲ್ಲಿ ಒಂದಿಷ್ಟು ಹೀಗಿದೆ, ದುಡ್ಡಿನ ಅಂಕಿ ಉದಾಹರಣೆಗೆ ಮಾತ್ರ:

"ಮನೆಗೆ ಬಂದು ನೋಡುವ ಚಾರ್ಜು ನಗರದೊಳಗೆ 200 ರೂಪಾಯಿ. ನಮ್ಮ ಹತ್ತಿರವೇ ರಿಪೇರಿ ಮಾಡಿಸಿದರೆ ಇದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ.
ಕೂಲರ್ ಘಾಸ್ ಬದಲಿಸುವುದು: ಸೈಜ್ ನೋಡಿ ರೇಟು. ಫೋನಿನಲ್ಲಿ ಹೇಳುವುದಿಲ್ಲ.
ಏಸಿ ಗ್ಯಾಸ್: ಲೀಕ್ ನೋಡದೆ ತುಂಬುವುದಿಲ್ಲ. ರೇಟು ನೋಡಿದ ಮೇಲೆ.
ಶಹಾಬಾದ್, ವಾಡಿ, ಜೇವರ್ಗಿ: ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ.
ಫ್ರಿಜ್, ವಾಷಿಂಗ್ ಮಷಿನ್, ಟಿವಿ: ಮಾಡುವುದಿಲ್ಲ."

ಕೊನೆಯ ಸಾಲಿನಂಥವು ಬಹಳ ಮುಖ್ಯ. ಏನು ಮಾಡುವುದಿಲ್ಲ ಎಂದು ಬರೆಯದಿದ್ದರೆ ಬಾಟ್ ಎಲ್ಲದಕ್ಕೂ ಹೂಂ ಅನ್ನುತ್ತದೆ.

ಇಲ್ಲಿ ನಮ್ಮ ಕಡೆಯ ಒಂದು ತೊಡಕು. ಕಾಕಾನ ರೇಟ್ ಪಟ್ಟಿಯನ್ನು ಪ್ರೆಸ್ಸಿನವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟಿದ್ದರು. ಪರದೆ ಮೇಲೆ ಕನ್ನಡವೇ ಕಾಣುತ್ತದೆ. ನಕಲು ಮಾಡಿ ಬಾಟ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿರುತ್ತಾರೆ. ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಒಂದೇ ಥರ ಓದುವ ಸಂಕೇತಕ್ಕೆ, ಪರಿವರ್ತಿಸಿಕೊಳ್ಳಿ. ಆಮೇಲೆ ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಿಟ್ಟು ಓದಿ. ಪಟ್ಟಿ ಚಿಕ್ಕದಾಗಿದ್ದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಇನ್ನೊಂದು ತಮಾಷೆ. ಕಾಕಾ ಅಮಾವಾಸ್ಯೆ ದಿನ ಹೊಸ ಕೆಲಸ ಹಿಡಿಯುವುದಿಲ್ಲ. "ಅಮಾವಾಸ್ಯೆಗೆ ರಜೆ" ಎಂದು ಬರೆದೆ. ಅಮಾವಾಸ್ಯೆ ಯಾವತ್ತು ಎಂದು ಬಾಟ್ ತನ್ನಷ್ಟಕ್ಕೆ ಲೆಕ್ಕ ಹಾಕಿ ಎರಡು ದಿನ ತಪ್ಪಿಸಿತು. ಈಗ ಗೋಡೆಯ ಕ್ಯಾಲೆಂಡರ್ ನೋಡಿ ವರ್ಷದ ತಾರೀಕುಗಳನ್ನೇ ಬರೆದಿಟ್ಟಿದ್ದೇವೆ.

ಯಾವ ಸಾಧನ?

ಎರಡು ದಾರಿ. ಟಿಡಿಯೊ, ಚಾಟ್‌ಬೇಸ್, ಬಾಟ್‌ಪ್ರೆಸ್ ಥರದ ಸಿದ್ಧ ಸೇವೆಗಳು ಒಂದು. ಮಾಹಿತಿ ಹಾಕಿದರೆ ಅವರೇ ಒಂದು ತುಂಡು ಕೋಡ್ ಕೊಡುತ್ತಾರೆ. ಇನ್ನೊಂದು, ಓಪನ್‌ಎಐ, ಗೂಗಲ್, ಆಂಥ್ರೊಪಿಕ್‌ನಂಥ ಕಂಪನಿಯ ಎಪಿಐ, ಅಂದರೆ ಅವರ ಮಾದರಿಯನ್ನು ನಮ್ಮ ಕೋಡಿನಿಂದ ಕರೆಯುವ ದಾರಿ, ತೆಗೆದುಕೊಂಡು ನಾವೇ ಕಟ್ಟುವುದು. ಕೋಡ್ ಬರೆಯಲು ಬಾರದಿದ್ದರೆ ಮೊದಲನೆಯದೇ ಸರಿ. ದುಡ್ಡು ಕಟ್ಟುವ ಮುಂಚೆ ಉಚಿತ ಅವಧಿಯಲ್ಲಿ ನಾಲ್ಕು ವಿಷಯ ನೋಡಿ. ಇಂಗ್ಲಿಷ್ ಅಕ್ಷರದ ಕನ್ನಡ ಅರ್ಥವಾಗುತ್ತದೆಯೇ? ಬಾಟ್ ಕೈಚೆಲ್ಲಿದಾಗ ಮನುಷ್ಯರಿಗೆ ದಾಟಿಸುತ್ತದೆಯೇ? ಚಾಟ್‌ಗಳನ್ನು ಇಳಿಸಿಕೊಳ್ಳಲು ಬಿಡುತ್ತದೆಯೇ? ತಿಂಗಳ ಮೆಸೇಜ್ ಮಿತಿ ಮುಗಿದ ಮೇಲೆ ಏನಾಗುತ್ತದೆ? ಏಪ್ರಿಲ್ ನಡುವೆ ಬಾಟ್ ಬಾಯಿ ಮುಚ್ಚಿಕೊಂಡರೆ ಹಾಕಿದ್ದೂ ವ್ಯರ್ಥ.

ಮಾರುವವರು "ರ‍್ಯಾಗ್", "ವೆಕ್ಟರ್ ಡೇಟಾಬೇಸ್" ಎಂದು ಹೆದರಿಸಬಹುದು. ದೊಡ್ಡ ಕಡತಗಳನ್ನು ತುಂಡು ಮಾಡಿಟ್ಟು, ಪ್ರಶ್ನೆಗೆ ಹೊಂದುವ ತುಂಡನ್ನು ಹುಡುಕಿ ಮಾದರಿಯ ಮುಂದೆ ಇಡುವ ವಿಧಾನ ಅದು. ಸಾವಿರ ಪುಟ ಇದ್ದವರಿಗೆ ಬೇಕು. ಮೂರು ಪುಟದ ಅಂಗಡಿಗೆ ಇಡೀ ಕಡತವನ್ನೇ ಪ್ರತಿ ಸಲ ಆದೇಶದ ಜೊತೆ ಕಳಿಸಿದರೆ ಆಯಿತು. ಹುಡುಕುವಾಗ ಸರಿಯಾದ ತುಂಡು ತಪ್ಪಿಹೋಗುವ ಭಯವೂ ಇಲ್ಲ.

ನೀವೇ ಕಟ್ಟುವುದಾದರೆ ಒಂದು ಮಾತು. ಎಪಿಐ ಕೀ ಅಂದರೆ ನಿಮ್ಮ ಖಾತೆಯ ಗುಪ್ತ ಸಂಕೇತ, ಅದನ್ನು ಪುಟದ ಜಾವಾಸ್ಕ್ರಿಪ್ಟಿನಲ್ಲಿ ಇಡಬೇಡಿ. ಪುಟದ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕೀ ಸರ್ವರಿನಲ್ಲೇ ಇರಲಿ. ತಿಂಗಳ ಖರ್ಚಿಗೆ ಮಿತಿಯನ್ನೂ ಹಾಕಿ. ಖರ್ಚು ಲೆಕ್ಕ ಹಾಕುವುದು ಟೋಕನ್ ಎಂಬ ಪದದ ಚೂರುಗಳಲ್ಲಿ. ಒಂದೇ ಅರ್ಥದ ವಾಕ್ಯಕ್ಕೆ ಇಂಗ್ಲಿಷಿಗಿಂತ ಕನ್ನಡ ಲಿಪಿಯಲ್ಲಿ ಟೋಕನ್ ಜಾಸ್ತಿ ಆಗುತ್ತದೆ. ಇಂಗ್ಲಿಷಿನ ಲೆಕ್ಕ ನೋಡಿ ಬಜೆಟ್ ಹಾಕಿದರೆ ಸಾಲುವುದಿಲ್ಲ.

ಆದೇಶ ಬರೆಯುವುದು

ಪ್ರತಿ ಮಾತುಕತೆಯ ಹಿಂದೆ ಬಾಟ್‌ಗೆ ಒಂದು ಸ್ಥಿರ ಆದೇಶ ಇರುತ್ತದೆ. ಸಿಸ್ಟಂ ಪ್ರಾಂಪ್ಟ್ ಎನ್ನುವುದು ಇದಕ್ಕೇ. ನಮ್ಮದರ ಮುಖ್ಯ ಭಾಗ:

"ನೀನು ಅಂಗಡಿಯ ಕಂಪ್ಯೂಟರ್ ಸಹಾಯಕ. ಮೊದಲ ಮಾತಿನಲ್ಲೇ ಅದನ್ನು ಹೇಳು. ಕೆಳಗಿನ ಕಡತದಲ್ಲಿ ಇರುವುದನ್ನು ಮಾತ್ರ ಹೇಳು. ಇಲ್ಲದಿದ್ದರೆ 'ಇದನ್ನು ಅಂಗಡಿಯವರೇ ಹೇಳಬೇಕು, ನಿಮ್ಮ ನಂಬರ್ ಕೊಡಿ, ಅವರೇ ಫೋನ್ ಮಾಡುತ್ತಾರೆ' ಎನ್ನು. ಬರುವ ಸಮಯ ಹೇಳಬೇಡ. ರಿಯಾಯಿತಿ ಕೊಡಬೇಡ. ಗಿರಾಕಿ ಯಾವ ಭಾಷೆ, ಯಾವ ಅಕ್ಷರದಲ್ಲಿ ಬರೆದರೋ ಅದರಲ್ಲೇ ಉತ್ತರಿಸು. ಮೂರು ಸಾಲು ಮೀರಬೇಡ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು."

"ನಮ್ಮ ಊರಿನ ಭಾಷೆಯಲ್ಲೇ ಮಾತಾಡು" ಎಂದೂ ಮೊದಲು ಹಾಕಿದ್ದೆ. ಧಾರವಾಡದ್ದು ಒಂದಿಷ್ಟು, ನಾಟಕದ್ದು ಒಂದಿಷ್ಟು ಬೆರೆಸಿ ಏನೋ ಹೇಳತೊಡಗಿತು. ಕಾಕಿ ನಕ್ಕು ನಕ್ಕು ಸುಸ್ತಾದಳು. ಈಗ ಸರಳ ಕನ್ನಡ, ಬಹುವಚನ, ಸಾಲಿನ ಕೊನೆಗೊಂದು "ರೀ" ಸಾಕು ಎಂದು ಬಿಟ್ಟಿದ್ದೇನೆ. "ಪ್ರಿಯ ಗ್ರಾಹಕರೇ" ಎಂಬುದನ್ನು ಮಾತ್ರ ಹೆಸರು ಹಿಡಿದು ನಿಷೇಧಿಸಿದೆ.

ಆದೇಶ ಎಷ್ಟೇ ಗಟ್ಟಿ ಇದ್ದರೂ ಅದನ್ನು ಮಾತಿನಲ್ಲಿ ಮಣಿಸುವವರು ಇರುತ್ತಾರೆ. 2023ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಕಾರು ಡೀಲರ್ ಸೈಟಿನ ಬಾಟನ್ನು ಒಬ್ಬಾತ ಒಂದು ಡಾಲರಿಗೆ ಕಾರು ಮಾರಲು ಒಪ್ಪಿಸಿಬಿಟ್ಟಿದ್ದ. ಅದಕ್ಕೇ ಬಿಲ್ ಮಾಡುವುದು, ಬುಕಿಂಗ್ ಖಾತ್ರಿ ಮಾಡುವುದು ಬಾಟ್ ಕೈಗೆ ಕೊಡಬೇಡಿ.

ಇನ್ನೊಂದು ಸಾಲು ಜೀವದ ಪ್ರಶ್ನೆ. ತಗಡಿನ ಕೂಲರ್, ಒಳಗೆ ನೀರು, ಹಳೆಯ ವೈರು. "ಕೂಲರ್ ಮುಟ್ಟಿದರೆ ಝುಂ ಅಂತದ" ಎಂದು ಯಾರಾದರೂ ಬರೆದರೆ ಬಾಟ್ ಉಪಾಯ ಹೇಳಬಾರದು. ಕೂಲರನ್ನು ಮುಟ್ಟಬೇಡಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಮಕ್ಕಳನ್ನು ದೂರ ಇಡಿ, ಈ ನಂಬರಿಗೆ ಫೋನ್ ಮಾಡಿ. ಇಷ್ಟೇ. ಏಸಿಯನ್ನು ತಾವೇ ಬಿಚ್ಚುತ್ತೇವೆ ಎನ್ನುವವರಿಗೂ ಬೇಡ ಎನ್ನಬೇಕು. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಹೊಸ ಏಸಿಗಳಲ್ಲಿ ಬರುವ ಆರ್-32 ಗ್ಯಾಸ್ ಬೆಂಕಿ ಹಿಡಿಯಬಲ್ಲದು.

ದೂರು ಬರೆದುಕೊಂಡು ಮುಟ್ಟಿಸುವುದು

ಕೇಳಬೇಕಾದದ್ದು ಐದೇ: ಹೆಸರು, ಮೊಬೈಲ್, ಏರಿಯಾ ಮತ್ತು ಗುರುತು, ಯಾವ ಸಾಮಾನು, ಏನಾಗಿದೆ. ನಂಬರ್ ಹತ್ತು ಅಂಕಿ ಇದೆಯೇ, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತದೆಯೇ ಎಂದು ಕೋಡ್ ನೋಡಲಿ. ಇದನ್ನು ಬಾಟ್‌ನ ಬುದ್ಧಿಗೆ ಬಿಡಬೇಡಿ, ಎಣಿಸುವುದರಲ್ಲಿ ಅದು ತಪ್ಪುತ್ತದೆ.

ಬರೆದುಕೊಂಡದ್ದು ಗೂಗಲ್ ಶೀಟಿಗೆ ಹೋಗಲಿ. ಜೊತೆಗೆ ಹುಡುಗರ ಟೆಲಿಗ್ರಾಂ ಗುಂಪಿಗೂ ಬೀಳಲಿ. ಟೆಲಿಗ್ರಾಂ ಬಾಟ್ ಮಾಡುವುದು ಪುಕ್ಕಟೆ, ಸುಲಭ. ವಾಟ್ಸ್‌ಆ್ಯಪಿನ ಎಪಿಐಗೆ ನಿಯಮ ಜಾಸ್ತಿ. ಗಿರಾಕಿಯ ಕೊನೆಯ ಮೆಸೇಜ್ ಬಂದು 24 ಗಂಟೆ ದಾಟಿದರೆ, ಮೊದಲೇ ಅವರಿಂದ ಒಪ್ಪಿಗೆ ಪಡೆದ ಸಿದ್ಧ ಮೆಸೇಜನ್ನು ಮಾತ್ರ ಕಳಿಸಬಹುದು. ಶುರುವಿನಲ್ಲಿ ಅದರ ಗೋಜು ಬೇಡ.

ತಾರೀಕಿನ ವಿಷಯದಲ್ಲಿ ಹುಷಾರು. ಇವತ್ತು ಯಾವ ದಿನ ಎಂದು ಮಾದರಿಗೆ ತಾನಾಗಿ ಗೊತ್ತಿರುವುದಿಲ್ಲ. ಪ್ರತಿ ಸಲ ಆದೇಶದಲ್ಲಿ ಸೇರಿಸಿ ಕಳಿಸಬೇಕು. ಸರ್ವರಿನ ಗಡಿಯಾರ ಬಹಳ ಸಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ನಸುಕಿನ ನಾಲ್ಕಕ್ಕೆ ಒಬ್ಬರು "ನಾಳೆ" ಅಂದದ್ದನ್ನು ನಮ್ಮ ಬಾಟ್ ಅದೇ ದಿನಕ್ಕೆ ಬರೆದುಕೊಂಡಿತ್ತು.

ಒಪ್ಪಿಗೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ ಕಾಯ್ದೆ. ಕನ್ನಡವೂ ಉರ್ದುವೂ ಅದರಲ್ಲಿವೆ. ನಂಬರ್ ಕೇಳುವ ಮುಂಚೆ ನಮ್ಮ ಬಾಟ್ ಹೀಗೆನ್ನುತ್ತದೆ: "ನಿಮ್ಮ ಹೆಸರು, ನಂಬರ್ ರಿಪೇರಿ ಕೆಲಸಕ್ಕೆ ಮಾತ್ರ. ಬೇಡ ಅಂದರೆ ಅಳಿಸುತ್ತೇವೆ." ಹೇಳಿದ ಮೇಲೆ ನಡೆಸಬೇಕು. ಕೇಳಿದವರದನ್ನು ಅದೇ ದಿನ ಶೀಟಿನಿಂದ ಅಳಿಸುವ ಕೆಲಸ ಕಾಕಿಯದು. ಆಧಾರ್, ಒಟಿಪಿ ಎಂದೂ ಕೇಳಬೇಡಿ.

ಅಂಟಿಸುವುದು, ಪರೀಕ್ಷಿಸುವುದು

ಅಂಟಿಸುವುದರಲ್ಲಿ ಏನೂ ಇಲ್ಲ. ಕೊಟ್ಟ ಕೋಡ್ ತುಂಡನ್ನು ಪುಟದ ಕೋಡಿನಲ್ಲಿ ಬಾಡಿ ಟ್ಯಾಗ್ ಮುಗಿಯುವ ಮುಂಚೆ ಹಾಕಿ. ವರ್ಡ್‌ಪ್ರೆಸ್ ಇದ್ದರೆ ಪ್ಲಗಿನ್ ಸಾಕು. ಪುಟ ಪೂರ್ತಿ ಬಂದ ಮೇಲೆ ಬಾಟ್ ಬರುವ ಹಾಗೆ ಮಾಡಿ, ಹಳ್ಳಿ ಕಡೆ ನೆಟ್‌ವರ್ಕ್ ನಿಧಾನ. ಬಾಟ್‌ನ ಗುಂಡಿ ಫೋನ್ ನಂಬರನ್ನು ಮುಚ್ಚಬಾರದು. ತಾನಾಗಿ ತೆರೆದುಕೊಂಡು ಮುಖಕ್ಕೆ ಬರುವ ಚಾಟ್ ಡಬ್ಬಿ ನನಗಂತೂ ಆಗುವುದಿಲ್ಲ.

ಪರೀಕ್ಷೆಯನ್ನು ನೀವು ಮಾಡಬೇಡಿ, ನಿಮಗೆ ಉತ್ತರ ಗೊತ್ತು. ನಾನು ಫೋನನ್ನು ಕಾಕಿಯ ಕೈಗೆ, ಆಮೇಲೆ ಎದುರಿನ ಚಹಾ ಅಂಗಡಿಯ ಹುಡುಗನ ಕೈಗೆ ಕೊಟ್ಟೆ. ಹುಡುಗ ಮೊದಲೇ "200 ಜಾಸ್ತಿ ಆಯ್ತು, 100 ಮಾಡು" ಎಂದ. ಕಾಕಿ ಬರೆದದ್ದು ಒಂದೇ ಪದ: "ಕೂಲರ್". ಬಾಟ್ ಹನ್ನೆರಡು ಸಾಲಿನ ಉಪನ್ಯಾಸ ಕೊಟ್ಟಿತು. "ಮೂರು ಸಾಲು ಮೀರಬೇಡ" ಎಂಬುದು ಆದೇಶಕ್ಕೆ ಸೇರಿದ್ದು ಅವತ್ತೇ. ಧ್ವನಿ ಮೆಸೇಜ್, ಫೋಟೊ, ಬೈಗುಳ, ಟಿವಿ ರಿಪೇರಿ, ಶಾಕ್ ಹೊಡೆಯುವ ಕೂಲರ್, ಎಲ್ಲ ಕಳಿಸಿ ನೋಡಿ. ಕಡತ ಬದಲಿಸಿದಾಗೆಲ್ಲ ಅವೇ ಪ್ರಶ್ನೆಗಳನ್ನು ಮತ್ತೆ ಹಾಕಿ. ಒಂದು ಸರಿಮಾಡಿದರೆ ಇನ್ನೊಂದು ಕೆಡುವುದು ಇದರ ಗುಣ.

ಆಮೇಲಿನ ದಿನಗಳು

ಮೊದಲ ತಿಂಗಳು ರಾತ್ರಿ ಊಟ ಆದ ಮೇಲೆ ಕಾಕಾನೂ ನಾನೂ ಆ ದಿನದ ಚಾಟ್ ಓದುತ್ತಿದ್ದೆವು. "ಅಂಗಡಿಯವರೇ ಹೇಳಬೇಕು" ಎಂದು ಬಾಟ್ ಕೈಚೆಲ್ಲಿದ ಪ್ರಶ್ನೆಗಳನ್ನು ಬೇರೆ ಬರೆದುಕೊಂಡೆವು. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುತ್ತೀರಾ ಎಂದು ಮತ್ತೆ ಮತ್ತೆ ಬಂತು. ಕಾಕಾ ಎರಡು ದಿನ ಯೋಚಿಸಿ "ಕೂಲರ್ ನೋಡಲಿಕ್ಕೆ ಹೋದ ಮನೆಯಲ್ಲಿ ಮಾತ್ರ" ಎಂದ. ಅದು ಕಡತಕ್ಕೆ ಒಂದು ಸಾಲಾಗಿ ಸೇರಿತು. ಈಗ ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಓದುತ್ತೇವೆ.

ಜೂನಿನಲ್ಲಿ ಮಿರಗದ ಮಳೆ ಬಿದ್ದ ಕೂಡಲೇ ಕೂಲರಿನ ಮಾತು ಕಡಿಮೆಯಾಗಿ ನೀರಿನ ಫಿಲ್ಟರ್ ದೂರು ಜಾಸ್ತಿಯಾಗುತ್ತದೆ. ಆಗ ಕಡತದ ಸಾಲುಗಳನ್ನು ಮೇಲೆ ಕೆಳಗೆ ಮಾಡಬೇಕು, ಶಹಾಬಾದ್–ವಾಡಿಯ ದಿನಗಳನ್ನೂ ಬದಲಿಸಬೇಕು. ಜೂನ್ ಮೊದಲ ಸೋಮವಾರದ ಮೇಲೆ ಕಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಕೆಂಪು ಪೆನ್ನಿನಿಂದ "ಬಾಟ್" ಎಂದು ಬರೆದಿಟ್ಟಿದ್ದಾಳೆ.